ಗೋಡೆಗೆ ಎರಡಿಂಚು ಲೂಸು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ.

ಪ್ರೀತಿಯ ಇವಳಿಗೆ,

ಹೇಗಿದ್ದೀಯ? ಸೊಂಟದ ನೋವು ಪೂರ್ತಿ ಇಳಿಯಿತೇ, ಇಲ್ಲ ಕೂತು ಏಳುವಾಗ ಈಗಲೂ ಹಿಡಿದುಕೊಳ್ಳುತ್ತದೆಯೇ? ಕಣ್ಣಿನ ಔಷಧಿಯನ್ನು ಬೆಳಿಗ್ಗೆ ಶ್ರದ್ಧೆಯಿಂದ ಹಾಕಿಕೊಂಡು ಸಂಜೆಯದನ್ನು ಮರೆತುಬಿಡುವ ನಿನ್ನ ಅಭ್ಯಾಸ ನನಗೆ ಗೊತ್ತಿದೆ. ನಿನ್ನ ತಂಗಿಗೆ ಹೇಳಿ ಹಾಕಿಸಿಕೋ, ಅವಳು ಜೋರಿನವಳು, ಬಿಡುವುದಿಲ್ಲ. ಷಡ್ಡಕರ ಕೆಮ್ಮು ಕಡಿಮೆಯಾಯಿತೇ? ನಾನು ಹೊಲಿದುಕೊಟ್ಟ ಕೋಟು ಬಿಗಿಯಾಯಿತೆಂದು ಅವರು ಗೊಣಗುತ್ತಿದ್ದಾರಂತೆ. ಕೋಟು ಇದ್ದ ಹಾಗೇ ಇದೆ, ಬೆಳೆದದ್ದು ಅವರ ಹೊಟ್ಟೆ ಎಂದು ನನ್ನ ಪರವಾಗಿ ಹೇಳು. ನನ್ನ ಚಿಂತೆ ಮಾಡಬೇಡ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ. ಮೊದಲ ತಿಂಗಳು ನನ್ನ ಅನ್ನದಿಂದ ಗೋಡೆಗೆ ಕ್ಯಾಲೆಂಡರ್ ಅಂಟಿಸಬಹುದಿತ್ತು, ಈಗ ಅಗುಳು ಅಗುಳಾಗಿ ಬಿಡಿಸಿಕೊಳ್ಳುತ್ತಿದೆ. ಭಾನುವಾರಗಳಂದು ಮಗಳು ಬಂದು ರುಚಿ ನೋಡಿ, ಪರವಾಗಿಲ್ಲ ಎನ್ನುವ ಹಾಗೆ ತಲೆಯಾಡಿಸುತ್ತಾಳೆ. ಅವಳ ಬಾಯಿಂದ ಅಷ್ಟು ಬಂದರೆ ನಮಗೆ ಬಹುಮಾನ ಬಂದ ಹಾಗೆ.

ಫೋನಿನಲ್ಲಿ ಹೇಳುವುದು ಬಿಟ್ಟು ಪತ್ರ ಯಾಕೆ ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ನೀನು 'ಊಟ ಆಯ್ತಾ, ಮಾತ್ರೆ ತಗೊಂಡ್ರಾ' ಎಂದು ಎರಡು ಪ್ರಶ್ನೆ ಕೇಳುತ್ತೀಯ. ನಾನು ಮೂರನೆಯ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ 'ಇರಿ, ತಂಗಿಗೆ ಕೊಡ್ತೀನಿ' ಅಂದುಬಿಡುತ್ತೀಯ. ಆಮೇಲೆ ನಾನು ನಿನ್ನ ತಂಗಿಯ ಜೊತೆ ಬಿಸಿಲಿನ ವಿಷಯ, ನೀರಿನ ವಿಷಯ ಮಾತಾಡುತ್ತಾ ನಿಲ್ಲಬೇಕು. ಪತ್ರವನ್ನು ಹಾಗೆ ಅರ್ಧಕ್ಕೆ ಇನ್ನೊಬ್ಬರ ಕೈಗೆ ದಾಟಿಸಲು ಬರುವುದಿಲ್ಲ ನೋಡು, ಅದಕ್ಕೇ ಬರೆಯುತ್ತಿದ್ದೇನೆ. ಸುದ್ದಿ ಏನೆಂದರೆ, ನಮ್ಮ ಅಡುಗೆಮನೆಗೆ ಮಾಡ್ಯುಲರ್ ಕಪಾಟು ಬಂತು! ಹೌದು, ನಿನ್ನ ಕಣ್ಣು ಸರಿಯಾಗಿಯೇ ಓದುತ್ತಿದೆ. ಬಾಗಿಲು ಮುಚ್ಚಿದರೆ ಸದ್ದಾಗದ ಕಪಾಟು, ಎಳೆದರೆ ಪೂರ್ತಿ ಹೊರಗೆ ಬಂದು ನಿಲ್ಲುವ ಡ್ರಾಯರು. ಈ ಪತ್ರವನ್ನು ಅದರ ಮುಂದೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ, ಎರಡು ಸಾಲಿಗೊಮ್ಮೆ ಕತ್ತೆತ್ತಿ ನೋಡುತ್ತೇನೆ. ಕೆಳಗಿನ ಮನೆಯಾಕೆ ಇಷ್ಟರಲ್ಲಿ ನಿನಗೆ ಫೋನ್ ಮಾಡಿ 'ನಿಮ್ಮ ಯಜಮಾನ್ರು ಮನೆ ಒಡೀತಿದಾರೆ' ಎಂದು ಹೇಳಿರಲೂಬಹುದು. ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ಆಕೆಯದು ಎತ್ತಿದ ಕೈ. ಒಡೆದಿಲ್ಲ. ಒಂದಿಷ್ಟು ಸುತ್ತಿಗೆ, ಒಂದಿಷ್ಟು ಗರಗಸ, ಅಷ್ಟೇ.

ಇದಕ್ಕೆಲ್ಲ ಮೂಲ ಯಾವುದು ಎಂದು ನಿನಗೂ ಗೊತ್ತು, ನನಗೂ ಗೊತ್ತು, ಆದರೂ ಬರೆದುಬಿಡುತ್ತೇನೆ. ಹೊಲಿಗೆ ಅಂಗಡಿಯ ಬಾಗಿಲು ಕೊನೆಯ ಸಲ ಹಾಕಿದ ದಿನ ನಾನು ಅಂಗಡಿಯನ್ನು ಅನಾಮತ್ತಾಗಿ ಎತ್ತಿ ಮನೆಯೊಳಗೆ ತಂದಿಟ್ಟೆ. ಮೂರು ಮಿಷನ್ನು, ಗಿರಾಕಿಗಳು ಒಯ್ಯದೆ ಬಿಟ್ಟ ಬಟ್ಟೆಯ ಗಂಟುಗಳು, ಎಂಟಡಿ ಉದ್ದದ ಆ ಕತ್ತರಿಸುವ ಮೇಜು. ಇರುವ ಎರಡು ಕೋಣೆಯಲ್ಲಿ ಎಂಟಡಿ ಮೇಜು! ಒಂದು ವರ್ಷ ನೀನು ನಡುಮನೆಯಲ್ಲಿ ಓರೆಯಾಗಿ ನಡೆದೆ. ಕೊನೆಗೆ ಆ ದಿನ ಕೈಯಲ್ಲಿ ನನಗೆಂದೇ ಚಹಾ ಹಿಡಿದು ಬರುತ್ತಿದ್ದಾಗ ಮೇಜಿನ ಮೂಲೆ ಸೊಂಟಕ್ಕೆ ಬಡಿದು, ಚಹಾ ಚೆಲ್ಲಿ, ನಾನು ಮೊದಲು ಕೂಗಿದ್ದು 'ಬಟ್ಟೆ ಮೇಲೆ ಬಿತ್ತಾ' ಎಂದು. ಆಗ ನೀನು ಅಂದೆ, 'ಅಂಗಡಿ ಮುಚ್ಚಿದ್ದು ನೀವು, ಮನೆ ಕಳ್ಕೊಂಡಿದ್ದು ನಾನು.' ಅದಕ್ಕೆ ನಾನು, 'ಇಲ್ಲಿ ಜಾಗ ಸಾಲದಿದ್ರೆ ಜಾಗ ಇರೋ ಕಡೆ ಹೋಗು' ಅಂದೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ನೀನು ನಾಲ್ಕು ಜೊತೆ ಬಟ್ಟೆ ಮಡಿಸಿಕೊಂಡು, ಎಂಟು ದಿನ ತಂಗಿ ಮನೆಗೆ ಎಂದು ಮಧ್ಯಾಹ್ನದ ಬಸ್ಸಿಗೆ ಹೊರಟೆ. ಎಂಟು ದಿನ ಹೋಗಿ ನಾಲ್ಕು ತಿಂಗಳಾಯಿತು. ನೀನು ತಿರುಗಿ ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಯಾವಾಗ ಬರ್ತೀಯ ಎಂದು ಫೋನಿನಲ್ಲಿ ಕೇಳಲು ಬಾಯಿಯೇ ಬರುವುದಿಲ್ಲ, ಬರಲ್ಲ ಅಂದುಬಿಟ್ಟರೆ ಏನು ಮಾಡಲಿ ಎಂಬ ಹೆದರಿಕೆ.

ಇರಲಿ, ಕಪಾಟಿನ ಕಥೆಗೆ ಬರುತ್ತೇನೆ. ಒಂದು ಭಾನುವಾರ ಮಗಳು ಬಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಅಮ್ಮ ಬರ್ಲಿ ಅಂತ ಕಾಯ್ತಾ ಕೂತ್ಕೋಬೇಡ ಅಪ್ಪ, ಬಂದ್ರೆ ಎಲ್ಲಿ ಇರ್ತಾಳೆ ಅಂತ ಮೊದಲು ನೋಡು' ಅಂದಳು. ಮಾತು ಸೂಜಿಯ ಹಾಗೆ ಇಳಿಯಿತು. ಅವಳೇ ಫೋನಿನಲ್ಲಿ ಬಡವರ ಕಪಾಟುಗಳನ್ನು ತೋರಿಸಿದಳು. ಬಡಗಿಯನ್ನು ಕರೆಸಿ ತಿಂಗಳುಗಟ್ಟಲೆ ಕೂರಿಸಿಕೊಳ್ಳುವುದು ಬೇಡ, ಗೋಡೆ ಒಡೆಯುವುದು ಬೇಡ. ಪೆಟ್ಟಿಗೆಗಳು ಬಿಡಿಬಿಡಿಯಾಗಿ ಸಿಗುತ್ತವೆ, ನಮಗೆ ಬೇಕಾದಷ್ಟನ್ನು ತಂದು ಒಂದರ ಪಕ್ಕ ಒಂದು ಜೋಡಿಸಿಕೊಳ್ಳಬೇಕು, ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಆಯಿತು. ನನಗೆ ಆಗಲೇ ಆರ್ಡರ್ ಕೊಟ್ಟುಬಿಡುವ ಆತುರ. ಅವಳು ಬಿಡಲಿಲ್ಲ. ಏನೇನು ಇಡಬೇಕು ಎಂಬ ಪಟ್ಟಿ ಮೊದಲು, ಪೆಟ್ಟಿಗೆ ಆಮೇಲೆ ಎಂದು ಅಡುಗೆಮನೆಯ ಸಾಮಾನನ್ನೆಲ್ಲ ನಡುಮನೆಗೆ ತಂದು ಸುರಿಸಿದಳು. ನಿನ್ನ ಡಬ್ಬಗಳನ್ನು ಒಂದೊಂದಾಗಿ ತೆರೆದೆವು. ಇಪ್ಪತ್ತಮೂರು ಡಬ್ಬ. ಸಕ್ಕರೆ ಡಬ್ಬದಲ್ಲಿ ಕೋಟಿನ ಗುಂಡಿ. ಬೇಳೆ ಡಬ್ಬದಲ್ಲಿ ಗುರುತು ಹಾಕುವ ಸೀಮೆಸುಣ್ಣ. ಚಹಾಪುಡಿಯ ಡಬ್ಬದಲ್ಲಿ ಹುಕ್ಕು. ಎಣಿಸಿದಾಗ ಒಂಬತ್ತು ಡಬ್ಬಗಳಲ್ಲಿ ನನ್ನ ಸಾಮಾನು. ನಿನ್ನ ಬೇಳೆ, ಸಕ್ಕರೆ ಪೊಟ್ಟಣಗಳಲ್ಲೇ ಬಾಯಿ ಕಟ್ಟಿಸಿಕೊಂಡು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದ್ದವು. ಕಟ್ಟಿದ್ದು ನನ್ನದೇ ಹೊಲಿಗೆ ದಾರದಿಂದ. ಒಂದು ವರ್ಷ ನಾನು ಆ ಬಾಗಿಲಿನಿಂದ ಒಳಗೆ ಹೊರಗೆ ಓಡಾಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. ಮಗಳು ಆ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ನನ್ನ ಮುಂದೆ ಸಾಲಾಗಿ ಇಟ್ಟಳು. ಬೈದಿದ್ದರೆ ವಾಸಿಯಿತ್ತು.

ಮರುದಿನವೇ ಕೆಲಸಕ್ಕೆ ಕೈ ಹಾಕಿದೆ. ಎರಡು ಮಿಷನ್ನನ್ನು ಪಕ್ಕದ ಬೀದಿಯ ಹೊಲಿಗೆ ಕ್ಲಾಸಿನವರಿಗೆ ಕೊಟ್ಟೆ. ಅವರು ಎಣ್ಣೆ ಬಿಟ್ಟು ಒಂದು ಸಲ ತುಳಿದು ನೋಡಿ, ಇನ್ನೂ ಹುಡುಗಿಯ ಹಾಗೆ ಓಡುತ್ತಿದೆ ಎಂದಾಗ ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಷ್ಟು ಸಮಾಧಾನವಾಯಿತು. ಆಮೇಲೆ ಗಂಟುಗಳು. ಚೀಟಿ ಇದ್ದವರಿಗೆಲ್ಲ ಫೋನ್ ಮಾಡಿದೆ. ಮದುವೆಗೆಂದು ಕೋಟು ಹೊಲಿಯಲು ಕೊಟ್ಟು, ಮದುವೆಯೇ ಮುರಿದು ಆ ಕಡೆ ತಲೆ ಹಾಕದೆ ಹೋದನಲ್ಲ, ಆ ಮದುಮಗ ನೆನಪಿದ್ದಾನೆಯೇ? ಬಂದಿದ್ದ, ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು! ಕೋಟು ಹಾಕಿ ನೋಡಿದ, ಒಂದು ತೋಳು ಮಾತ್ರ ಒಳಗೆ ಹೋಯಿತು. ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಯಾರೂ ಕೇಳದೆ ಉಳಿದ ಬಟ್ಟೆಯನ್ನು ಎಸೆಯಲು ಮನಸ್ಸು ಬರಲಿಲ್ಲ, ಎತ್ತಿಟ್ಟೆ. ಅದರ ಉಪಯೋಗ ಮುಂದೆ ಹೇಳುತ್ತೇನೆ, ಕೇಳಿದರೆ ನೀನು ನನ್ನ ತಲೆಗೆ ಮೆಚ್ಚಬೇಕು.

ಈಗ ಅಳತೆಯ ಸರದಿ. ಕಿಟಕಿ ಗೋಡೆಯಿಂದ ಬಾಗಿಲ ಚೌಕಟ್ಟಿನವರೆಗೆ, ನಿನ್ನ ಅಲುಗಾಡುವ ಮರದ ಸ್ಟ್ಯಾಂಡ್ ಇತ್ತಲ್ಲ, ಆ ಗೋಡೆ. ಅಳತೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ಕುತ್ತಿಗೆಯಿಂದ ಟೇಪು ಇಳಿಸಿದೆ, ಮೂರು ಸಲ ಹಿಡಿದೆ, ತೊಂಬತ್ತನಾಲ್ಕು ಇಂಚು. ಅಷ್ಟಕ್ಕೆ ನಿಲ್ಲಿಸದೆ ಖಾಕಿ ಕಾಗದ ತಂದು, ಪೆಟ್ಟಿಗೆ ಎಷ್ಟೆಷ್ಟು ದೊಡ್ಡದಿರಬಹುದೋ ಕಣ್ಣಂದಾಜಿನಲ್ಲಿ ಅಷ್ಟಷ್ಟು ಕತ್ತರಿಸಿ, ಪ್ಯಾಂಟಿನ ಮಾದರಿ ಮಾಡುವ ಹಾಗೆ ಗೋಡೆಯ ಮೇಲೆಲ್ಲ ಅಂಟಿಸಿದೆ. ಇದು ಅಕ್ಕಿ, ಇದು ಪಾತ್ರೆ, ಇದು ಡ್ರಾಯರು ಎಂದು ಸೀಮೆಸುಣ್ಣದಿಂದ ಬರೆದೆ. ನಾಲ್ಕು ದಿನ ಆ ಕಾಗದದ ಕಪಾಟಿನ ಮುಂದೆ ನಿಂತು ಅಡುಗೆ ಮಾಡಿದೆ. ಇಲ್ಲದ ಬಾಗಿಲನ್ನು ತೆರೆದು ಉಪ್ಪು ತೆಗೆದೆ ಎಂದರೂ ತಪ್ಪಲ್ಲ. ಮಗಳು ನೋಡಿ 'ಗೋಡೆಗೇ ಬಟ್ಟೆ ಹೊಲಿತಿದೀಯಲ್ಲಪ್ಪ' ಅಂದು ಬಿದ್ದು ಬಿದ್ದು ನಕ್ಕಳು. ಅವಳು ಅಂದದ್ದು ಎಷ್ಟು ನಿಜ ಎಂದು ಆಗ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಆರ್ಡರ್ ಕೊಡುವಾಗ ಅಳತೆ ಎಷ್ಟು ಎಂದು ಅವಳು ಕೇಳಿದಳು, ನಾನು ತೊಂಬತ್ತಾರು ಅಂದೆ. ಅವಳು ಇಪ್ಪತ್ತನಾಲ್ಕರ ಪೆಟ್ಟಿಗೆ ನಾಲ್ಕು ಎಂದು ಒತ್ತಿದಳು. ಗೋದಾಮಿನಲ್ಲಿ ಉಳಿದುಹೋದ ಸರಕಾದ್ದರಿಂದ ಅಗ್ಗವಾಗಿ ಸಿಕ್ಕಿತು, ಆದರೆ ಬಾಗಿಲುಗಳು ಒಂದೇ ಬಣ್ಣದವಲ್ಲ. ಎರಡು ಎಲೆಹಸಿರು, ಒಂದು ಮೊಟ್ಟೆಯ ಹಳದಿ. ಇನ್ನುಳಿದುದಕ್ಕೆ ಬಾಗಿಲೇ ಇರಲಿಲ್ಲ.

ಪೆಟ್ಟಿಗೆ ಎಂದರೆ ಪೆಟ್ಟಿಗೆಯಾಗಿ ಬರುವುದಿಲ್ಲ, ಗೊತ್ತೇ! ಮಡಿಸಿದ ಅಂಗಿಯ ಹಾಗೆ ಚಪ್ಪಟೆಯಾಗಿ ರಟ್ಟಿನೊಳಗೆ ಬಂತು. ಬಿಚ್ಚಿದರೆ ಹಲಗೆಗಳ ರಾಶಿ, ಒಂದು ಚೀಲ ತುಂಬ ಸ್ಕ್ರೂ, ಮೂಲೆ ಬಗ್ಗಿದ ಒಂದು ಸಣ್ಣ ಕಬ್ಬಿಣದ ಕೀಲಿ, ಜೊತೆಗೊಂದು ಚಿತ್ರದ ಹಾಳೆ. ಹಾಳೆಯಲ್ಲಿ ಒಂದಕ್ಷರವಿಲ್ಲ. ಗುಂಡು ತಲೆಯ ಒಬ್ಬ ಮನುಷ್ಯ ನಗುನಗುತ್ತಾ ಹಲಗೆ ಜೋಡಿಸುತ್ತಾನೆ, ಅಷ್ಟೇ. ನಾನೂ ಮಗಳೂ ಬೆಳಿಗ್ಗೆ ಕೂತು ಮಧ್ಯಾಹ್ನದ ಹೊತ್ತಿಗೆ ಮೊದಲನೆಯದನ್ನು ಎಬ್ಬಿಸಿ ನಿಲ್ಲಿಸಿ, ಚಪ್ಪಾಳೆ ತಟ್ಟಿದೆವು. ಆಮೇಲೆ ನೋಡಿದರೆ ಅದರ ಕಾಲುಗಳು ಆಕಾಶ ನೋಡುತ್ತಿದ್ದವು. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆವು. ಎರಡನೆಯದು ಒಂದು ಗಂಟೆಯಲ್ಲಿ ಆಯಿತು. ಮೂರು, ನಾಲ್ಕನ್ನು ನಾನೊಬ್ಬನೇ ಮಾಡಿದೆ, ಹಾಳೆ ನೋಡದೆ. ನನ್ನ ವಯಸ್ಸಿನಲ್ಲಿ ಒಂದು ಹೊಸ ಕೆಲಸ ಕೈಗೆ ಹತ್ತಿತು ಕಣೇ. ಅದರ ಖುಷಿಯನ್ನು ಹೇಗೆ ಹೇಳಲಿ! ಹಲಗೆಯ ಅಂಚಿಗೆಲ್ಲ ಪಟ್ಟಿ ಅಂಟಿಸಿ ಮುಚ್ಚಿದ್ದಾರೆ, ನಾವು ಕೊರಳಿಗೆ ಪಟ್ಟಿ ಕೊಡುವ ಹಾಗೆ. ನೀಟಾದ ಕೆಲಸ. ಅಂಚು ಬಿಚ್ಚಿದ ಬಟ್ಟೆಯೂ ಅಂಚು ಬಿಚ್ಚಿದ ಹಲಗೆಯೂ ಬಾಳಿಕೆ ಬರುವುದಿಲ್ಲ ಎಂದು ಮಗಳಿಗೆ ಒಂದು ಪಾಠ ಮಾಡಿದೆ. ಅವಳು ಆಕಳಿಸಿದಳು.

ಸಾಲಾಗಿ ನಿಲ್ಲಿಸಿ ಬಿಗಿಯಲು ಒಬ್ಬ ಫಿಟ್ಟರನ್ನು ಕರೆಸಿದೆವು. ಐವತ್ತರ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್, ಬಾಯಿ ಬಿಟ್ಟರೆ ಮಿಲಿಮೀಟರು. ಚಹಾ ಎಷ್ಟು ಬೇಕು ಎಂದರೂ ಮಿಲಿಮೀಟರಿನಲ್ಲೇ ಹೇಳುತ್ತಾರೇನೋ ಅನಿಸುತ್ತದೆ. ನಾನು ಅವರಿಗೆ ಮಿಲಿಮೀಟರಪ್ಪ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನೊಳಗೆ. ಒಂದು ಪೆಟ್ಟಿಗೆ ಇಟ್ಟರು, ಎರಡು ಇಟ್ಟರು, ಮೂರು ಇಟ್ಟರು. ನಾಲ್ಕನೆಯದು ಹೋಗಲಿಲ್ಲ. ಓರೆ ಮಾಡಿದರು, ಎತ್ತಿ ಇಳಿಸಿದರು, ಊಹೂಂ. ನಾನು ಗೋಡೆಯೇ ಸೊಟ್ಟ ಇರಬೇಕು ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಕಥೆಯಾಯಿತು. ಅವರು ಟೇಪು ಹಿಡಿದು ನನ್ನ ಮುಖ ನೋಡಿದರು. ತೊಂಬತ್ತನಾಲ್ಕೇ. ಎಷ್ಟು ಹೇಳಿದ್ದಿರಿ ಎಂದು ಕೇಳಿದರು. ತೊಂಬತ್ತಾರು ಅಂದೆ. ಯಾಕೆ ಅಂದರು. ಆಗ ನನಗೆ ಹೊಳೆಯಿತು ನೋಡು. ಹೊಲಿಗೆಗೆ ಒಂದಿಂಚು, ಉಸಿರಾಡಲು ಒಂದಿಂಚು! ನಲವತ್ತು ವರ್ಷ ಯಾವ ಮೈಯ ಅಳತೆ ತೆಗೆದರೂ ಎರಡಿಂಚು ಲೂಸು ಸೇರಿಸಿಯೇ ಹೇಳಿ ಅಭ್ಯಾಸ. ಗೋಡೆಗೂ ಅದನ್ನೇ ಮಾಡಿದ್ದೆ. ಹಾಗೆಂದು ಹೇಳಿದೆ. ಮಿಲಿಮೀಟರಪ್ಪನವರು ಪೆನ್ಸಿಲನ್ನು ಕಿವಿಯಿಂದ ತೆಗೆದು, ಮತ್ತೆ ಕಿವಿಗೇ ಇಟ್ಟು, 'ಗೋಡೆ ಏನ್ ಊಟ ಮಾಡಿ ದಪ್ಪ ಆಗುತ್ತಾ ಸ್ವಾಮಿ' ಅಂದರು. ಮಗಳು ಪಾತ್ರೆಗಳ ನಡುವೆ ಕೂತು ಕಣ್ಣೀರು ಬರುವಂತೆ ನಕ್ಕಳು. ಬಿಚ್ಚಿದ ಸರಕನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಮೂರು ಪೆಟ್ಟಿಗೆ ನಿಂತ ಮೇಲೆ ಬಾಗಿಲ ಕಡೆ ಇಪ್ಪತ್ತೆರಡು ಇಂಚು ಖಾಲಿ ಉಳಿಯಿತು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಅದರೊಳಗೆ ಕಸದ ಬುಟ್ಟಿ ಇಡೋಣ ಅಂದೆ. ಆಗ ಮಗಳು ನಗು ನಿಲ್ಲಿಸಿ, 'ಮೇಲೆ ಹಲಗೆ ಹಾಕಿ ಕೆಳಗೆ ಹಾಗೇ ಬಿಡಪ್ಪ, ಅಮ್ಮ ಮೊಣಕಾಲು ಒಳಗೆ ಹಾಕಿ ಕೂತ್ಕೊಂಡು ತರಕಾರಿ ಹೆಚ್ಚಬಹುದು. ಸಂಜೆ ಹೊತ್ತಿಗೆ ಅವಳ ಪಾದ ಊದ್ಕೊಂಡಿರುತ್ತಲ್ಲ' ಅಂದಳು. ನಾನು ಯಾವಾಗಿನಿಂದ ಎಂದು ಕೇಳಿದೆ. ತಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅಂದಳು. ಅವಳಿಗೀಗ ಮೂವತ್ತೈದು. ನಲವತ್ತು ವರ್ಷ ನಾನು ಮಿಷನ್ನಿನ ಮುಂದೆ ಕೂತು ದುಡಿದೆ, ಮನೆಗೆ ಬಂದು 'ಅಬ್ಬಾ ಸುಸ್ತು' ಅಂದೆ. ನೀನು ನಿಂತು ದುಡಿದೆ, ನಿಂತೇ ನನಗೆ ಬಡಿಸಿದೆ. ಈ ನಾಲ್ಕು ತಿಂಗಳು ಒಬ್ಬನ ಅಡುಗೆಗೆ ನಿಂತಿದ್ದಕ್ಕೇ ನನ್ನ ಮೀನಖಂಡ ಹಿಡಿದುಕೊಂಡು ರಾತ್ರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಆಗಲಾದರೂ ತಲೆಗೆ ಹೊಳೆಯಬೇಡವೇ? ನನ್ನ ತಪ್ಪಿನಿಂದಲೇ ನಿನಗೆ ಕೂರಲು ಒಂದು ಜಾಗ ಹುಟ್ಟಿತು ಎಂದು ಹೇಳಿಕೊಳ್ಳಬಹುದು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು. ಆದರೆ ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು.

ಮೂರು ಪೆಟ್ಟಿಗೆಯ ಮೇಲೂ ಆ ಖಾಲಿ ಜಾಗದ ಮೇಲೂ ಸೇರಿಸಿ ಹಾಸಲು ಉದ್ದನೆಯ ಹಲಗೆ ಬೇಕಾಗಿತ್ತು. ಹೊಸದು ಕೊಳ್ಳುವುದು ನಮ್ಮ ಲೆಕ್ಕಕ್ಕೆ ಹೊಂದುವಂಥದ್ದಾಗಿರಲಿಲ್ಲ. ಮಿಲಿಮೀಟರಪ್ಪನವರು ನಡುಮನೆಯ ಕಡೆ ಕತ್ತು ಹಾಕಿ, ನನ್ನ ಕತ್ತರಿಸುವ ಮೇಜನ್ನು ಬೆರಳಿನಿಂದ ತಟ್ಟಿ, ಇಂಥ ಮರ ಈಗ ಎಲ್ಲಿ ಸಿಗುತ್ತದೆ ಎಂದರು. ನಾನು ತೆಗೆದುಕೊಳ್ಳಿ ಅಂದೆ. ಕಾಲು ಬಿಚ್ಚಿ, ಎರಡಿಂಚು ಕುಯ್ದರೆ ಸರಿಹೋಗುತ್ತದೆ ಎಂದು ಗರಗಸ ಹಿಡಿದಾಗ ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ. ಒಳಗೆ ಬಂದಾಗ ಅದು ನಿನ್ನ ಗೋಡೆಗೆ ಅಂಟಿಕೊಂಡು ಮಲಗಿತ್ತು. ಕತ್ತರಿಯ ಗೀರು, ಇಸ್ತ್ರಿಯ ಕಲೆ ಎಲ್ಲ ಹಾಗೇ ಇವೆ, ಉಜ್ಜಿ ಎಣ್ಣೆ ಕೊಟ್ಟಿದ್ದೇನೆ, ಹೊಳೆಯುತ್ತಿದೆ. ಒಳಗೆ ಹೋಗದ ಆ ನಾಲ್ಕನೆಯ ಪೆಟ್ಟಿಗೆ ನಡುಮನೆಯ ಮೂಲೆಗೆ ಬಂತು. ಇನ್ನು ಮುಂದೆ ನನ್ನ ಸಾಮಾನೆಲ್ಲ ಅದರೊಳಗೆ ಹಿಡಿಯಬೇಕು, ಹಿಡಿಯದ್ದು ಹೊರಗೆ ಎಂದು ಮಗಳು ಕಾಯಿದೆ ಮಾಡಿದಳು. ಗುಂಡಿ, ದಾರ, ಕತ್ತರಿ, ಹುಕ್ಕು, ಅಳತೆಯ ಪುಸ್ತಕ ಎಲ್ಲ ಹಿಡಿಯಿತು, ಉಳಿದ ಒಂದು ಮಿಷನ್ನು ಅದರ ಮೇಲೇರಿತು. ನಲವತ್ತು ವರ್ಷದ ಅಂಗಡಿ ಇಪ್ಪತ್ತನಾಲ್ಕು ಇಂಚಿನೊಳಗೆ ಕೂತಿತು. ಆಮೇಲೆ ಎದ್ದು ನಿಂತು ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಕೈ ಬೀಸಿಕೊಂಡು ನಡೆದೆ. ಇಷ್ಟು ದೊಡ್ಡ ಮನೆಯೇ ನಮ್ಮದು ಅನಿಸಿತು.

ಈಗ ಹೇಗಿದೆ ಎಂದು ಹೇಳುತ್ತೇನೆ, ಕಣ್ಣು ಮುಚ್ಚಿ ನೋಡು. ಅಲ್ಲ, ಮುಚ್ಚಿದರೆ ಓದುವುದು ಹೇಗೆ! ಕಿಟಕಿಯ ಪಕ್ಕದ್ದು ಹಸಿರು ಬಾಗಿಲು, ಒಳಗೆ ದೊಡ್ಡ ಪಾತ್ರೆ, ಮೇಲಿನ ಖಾನೆಯಲ್ಲಿ ತಟ್ಟೆ. ನಡುವಿನದು ಇನ್ನೊಂದು ಹಸಿರು, ಅದರಲ್ಲಿ ಅಕ್ಕಿ, ಬೇಳೆ. ಮೂರನೆಯದರಲ್ಲಿ ಮೂರು ಡ್ರಾಯರು, ಅದೇ ಮೊಟ್ಟೆ ಹಳದಿ. ಎಳೆದರೆ ಚಮಚವೆಲ್ಲ ಒಟ್ಟಿಗೆ ಝಲ್ ಅನ್ನುತ್ತವೆ. ನಿನ್ನೆ ಕೆಲಸವಿಲ್ಲದೆ ಹತ್ತು ಸಲ ಎಳೆದು ಮುಚ್ಚಿದೆ. ನೆಲ ಇಳಿಜಾರಾಗಿದೆ ಎಂದು ನೀನು ಯಾವಾಗಲೂ ಹೇಳುತ್ತಿದ್ದೆ, ನಾನು ಒಪ್ಪುತ್ತಿರಲಿಲ್ಲ. ರಸಮಟ್ಟ ಇಟ್ಟು ನೋಡಿದರೆ ಒಳಗಿನ ಗುಳ್ಳೆ ಓಡಿಹೋಗಿ ಒಂದು ಮೂಲೆ ಸೇರಿತು. ನೀನೇ ಸರಿ. ಪೆಟ್ಟಿಗೆಯ ಕಾಲುಗಳನ್ನು ತಿರುಗಿಸಿ ಎತ್ತರಿಸುವ ಹಾಗಿದೆ, ಈಗ ಚಹಾ ಲೋಟ ಇಟ್ಟರೆ ಚಹಾ ನೆಟ್ಟಗೆ ನಿಲ್ಲುತ್ತದೆ. ಗಿರಾಕಿಗಳು ಬಿಟ್ಟ ಬಟ್ಟೆಯ ಉಪಯೋಗ ಹೇಳುತ್ತೇನೆಂದೆನಲ್ಲ, ಬಾಗಿಲಿಲ್ಲದ ನನ್ನ ಪೆಟ್ಟಿಗೆಗೆ, ಸಿಂಕಿನ ಕೆಳಗಿನ ಬಯಲಿಗೆ, ಮೀಟರ್ ಪೆಟ್ಟಿಗೆಗೆ ಎಲ್ಲಕ್ಕೂ ನೆರಿಗೆ ಹಾಕಿ ಪರದೆ ಹೊಲಿದೆ. ಪಟ್ಟೆ, ಚೌಕಳಿ, ನೀಲಿ, ಕಂದು. ಬಾಗಿಲು ಕೊಳ್ಳುವ ಖರ್ಚು ಉಳಿಯಿತು. ಮಗಳು ಅಡುಗೆಮನೆ ಗಿಳಿಯ ಹಾಗಿದೆ ಎಂದು ಅಣಕಿಸುತ್ತಾಳೆ. ಅಣಕಿಸಿದವಳೇ ಫೋಟೋ ತೆಗೆದು ಆಫೀಸಿನವರಿಗೆಲ್ಲ ತೋರಿಸಿದ್ದಾಳೆ. ಇಪ್ಪತ್ತಮೂರು ಡಬ್ಬವೂ ತೊಳೆದು ಒಣಗಿಸಿ ಇಟ್ಟಿದ್ದೇನೆ. ಯಾವುದರಲ್ಲಿ ಏನು ಎಂದು ನಾನು ಬರೆದಿಲ್ಲ, ಅದು ನಿನ್ನ ಅಧಿಕಾರ.

ಕೆಳಗಿನ ಮನೆಯಾಕೆಯೂ ಬಂದು ನೋಡಿಕೊಂಡು ಹೋದಳು. ಡ್ರಾಯರು ಎಳೆದಳು, ಮುಚ್ಚಿದಳು, ಮೂಗಿನ ಮೇಲೆ ಬೆರಳಿಟ್ಟಳು, ತನ್ನ ಗಂಡನಿಗೆ ಹೇಳುತ್ತೇನೆಂದು ಹೋದಳು. ಪಾಪ, ಆ ಮನುಷ್ಯ ಈಗ ನನ್ನನ್ನು ಕಂಡರೆ ಬೀದಿಯ ಆಚೆ ಬದಿಗೆ ದಾಟುತ್ತಾನೆ. ಊರಿಗೆಲ್ಲ ಅಳತೆ ಹೇಳಿಕೊಡಲು ನನ್ನನ್ನು ಕರೆಯುತ್ತಾರೆ ನೋಡು ಇನ್ನು. ಎರಡಿಂಚಿನ ಕಥೆ ಮಾತ್ರ ಯಾರಿಗೂ ಹೇಳಬೇಡ. ಷಡ್ಡಕರಿಗಂತೂ ಬೇಡವೇ ಬೇಡ, ಅವರು ಸಾಯುವತನಕ ಬಿಡುವುದಿಲ್ಲ.

ನಿನ್ನ ತಂಗಿಗೂ ಷಡ್ಡಕರಿಗೂ ನನ್ನ ನಮಸ್ಕಾರ, ಇಷ್ಟು ದಿನ ನಿನ್ನನ್ನು ಚೆನ್ನಾಗಿ ನೋಡಿಕೊಂಡದ್ದಕ್ಕೆ ಅವರಿಗೆ ಋಣಿ. ಮಕ್ಕಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ, ದೊಡ್ಡಪ್ಪನ ಹಾಗೆ ಲೆಕ್ಕ ತಪ್ಪದಿರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಎಲ್ಲರೂ ಉಂಡ ಮೇಲೆ ಉಣ್ಣುವ ಚಾಳಿ ಅಲ್ಲಾದರೂ ಬಿಡು. ನಾಳೆ ಬೆಳಿಗ್ಗೆ ಅಂಚೆ ಪೆಟ್ಟಿಗೆ ತೆರೆಯುವ ಮುಂಚೆ ಹಾಕಿ ಬರಬೇಕು, ಮುಗಿಸುತ್ತೇನೆ.

ನಿನ್ನ,
ಇವರು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಎಲ್ಲ ಮುಗಿದ ಹಾಗೆ ಮೇಲೆ ಬರೆದೆನಲ್ಲ, ಮುಗಿದಿಲ್ಲ. ಕೆಳಗಿನ ಸಾಲು ಮಾತ್ರ ನಿಂತಿದೆ. ಗೋಡೆಯ ಮೇಲೆ ತೂಗುಹಾಕುವ ಎರಡು ಚಿಕ್ಕ ಪೆಟ್ಟಿಗೆಗಳೂ ಬಂದಿವೆ, ದಿನವೂ ಕೈಗೆ ಬೇಕಾಗುವ ಉಪ್ಪು, ಖಾರ, ಚಹಾಪುಡಿ ಇಡಲು. ಅವು ಇನ್ನೂ ನೆಲದ ಮೇಲೇ ಇವೆ. ಎಷ್ಟು ಎತ್ತರಕ್ಕೆ ಹಾಕಲಿ ಎಂದು ಮಿಲಿಮೀಟರಪ್ಪನವರು ಕೇಳಿದರು. ನಾನು ಕೈ ಎತ್ತಿ ಇಲ್ಲಿಗೆ ಅಂದೆ. 'ನಿಮ್ಮದಲ್ಲ ಸ್ವಾಮಿ, ಅಮ್ಮನವರ ಕೈ ಎಲ್ಲಿಗೆ ಎಟುಕುತ್ತೆ?' ಅಂದರು. ನಿನ್ನ ಭುಜ ಹದಿನಾಲ್ಕು, ಬೆನ್ನಿನ ಉದ್ದ ಹದಿನೈದು, ತೋಳು ಹತ್ತೂವರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಎಲ್ಲ ಅಳತೆಯೂ ಕೈ ಕೆಳಗೆ ಬಿಟ್ಟು ನಿಲ್ಲಿಸಿ ತೆಗೆದದ್ದು. ನೀನು ಕೈ ಎತ್ತಿದರೆ ಎಲ್ಲಿಯವರೆಗೆ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ. ಅವರಿಗೆ ಗೊತ್ತಿಲ್ಲ ಎಂದೇ ಹೇಳಿದೆ. ಕೇಳಿಕೊಂಡು ತಿಳಿಸಿ ಎಂದು ಡ್ರಿಲ್ ಎತ್ತಿಕೊಂಡು ಹೋದರು. ಜಾಗ ಇರುವ ಕಡೆ ಹೋಗು ಎಂದ ಮಾತು ತಪ್ಪು. ಆ ದಿನವೇ ಬಸ್‌ಸ್ಟ್ಯಾಂಡಿಗೆ ಓಡಿಬಂದು ಹೇಳಬೇಕಾಗಿತ್ತು, ಹೇಳಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ನೀನು ಬಂದು ಆ ಗೋಡೆಗೆ ನಿಂತು ಒಂದು ಸಲ ಕೈ ಎತ್ತು, ಪೆನ್ಸಿಲಿನಿಂದ ಗುರುತು ಹಾಕುತ್ತೇನೆ, ಒಂದು ನೂಲಿನಷ್ಟೂ ಸೇರಿಸುವುದಿಲ್ಲ. ಆಮೇಲೆ ಇರುವುದೂ ಹೋಗುವುದೂ ನಿನ್ನಿಷ್ಟ. ಬರಲು ಮನಸ್ಸಿಲ್ಲದಿದ್ದರೆ ಅಲ್ಲೇ ತಂಗಿಯ ಗೋಡೆಗೆ ನಿಂತು ಅಳತೆ ತೆಗೆಸಿ ಕಳಿಸು, ಅದೇ ಎತ್ತರಕ್ಕೆ ಹಾಕಿಸುತ್ತೇನೆ. ನೀನು ಬಾರದೇ ಹೋದರೂ ಈ ಮನೆ ನಿನ್ನ ಕೈಗೆ ಎಟುಕುವ ಹಾಗೇ ಇರಲಿ. ಗೋಡೆಗೆ ಇನ್ನೂ ಒಂದು ತೂತೂ ಕೊರೆಸಿಲ್ಲ.